ರಾತ್ರಿ ಎರಡೂವರೆಯ ಎಚ್ಚರ: ಆರು ತಿಂಗಳು ಅಮೆರಿಕದಲ್ಲಿದ್ದು ಹಾಸನಕ್ಕೆ ಮರಳಿದ ಒಂದು ಪ್ರಕರಣ

ಹಾಸನದ ವಿದ್ಯಾನಗರದ ಒಂದು ಮನೆ. ಆಕೆಗೆ 62 ವರ್ಷ. ಸರ್ಕಾರಿ ಪ್ರಾಥಮಿಕ ಶಾಲೆಯಿಂದ ನಿವೃತ್ತರಾದವರು, ಬೀದಿಗೆಲ್ಲ ಅವರು ‘ಟೀಚರ್’. ಯಜಮಾನರಿಗೆ 67. ಅವರೂ ಪ್ರೌಢಶಾಲೆಯಲ್ಲಿ ಪಾಠ ಮಾಡಿದವರು, ಎಲ್ಲರ ಬಾಯಲ್ಲೂ ‘ಮೇಷ್ಟ್ರು’. ದುದ್ದದ ಕಡೆ ಎರಡು ಎಕರೆ ಹೊಲ ಇದೆ. ಒಬ್ಬಳೇ ಮಗಳು, ಅಮೆರಿಕದ ನ್ಯೂಜೆರ್ಸಿಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಳೆ. ಇದು ಒಂದೇ ಮನೆಯ ವರದಿಯಲ್ಲ. ಮಗಳ ಬಾಣಂತನಕ್ಕೆ ಹೋಗಿ ಬಂದ ಹಲವು ಮನೆಗಳಲ್ಲಿ ಮತ್ತೆ ಮತ್ತೆ ಕಾಣುವುದನ್ನು ಒಂದು ಪ್ರಕರಣವಾಗಿ ಜೋಡಿಸಿದೆ. ಗುರುತು ಯಾರದೂ ಅಲ್ಲ.

ಇಬ್ಬರೂ ಏಪ್ರಿಲ್ ಮಧ್ಯದಲ್ಲಿ ಹೊರಟರು. ಮೇ ತಿಂಗಳಲ್ಲಿ ಆಲೂಗಡ್ಡೆ ಬಿತ್ತನೆಯ ಹೊತ್ತಿಗೆ ಮೇಷ್ಟ್ರು ವಾಪಸ್ ಬಂದರು. ಟೀಚರ್ ಅಕ್ಟೋಬರ್ ಮೊದಲ ವಾರದವರೆಗೂ ಅಲ್ಲೇ ಉಳಿದರು. ಸಂದರ್ಶಕರ ವೀಸಾದಲ್ಲಿ ಸಾಮಾನ್ಯವಾಗಿ ಒಂದು ಸಲಕ್ಕೆ ಕೊಡುವುದೇ ಆರು ತಿಂಗಳು. ಹಾಗಾಗಿ ವಾಪಸ್ ಬರುವ ದಿನವನ್ನು ಅವರು ಆರಿಸಿಕೊಂಡದ್ದಲ್ಲ, ಅದು ಹೋದ ದಿನವೇ ಗೊತ್ತಾಗಿಹೋಗಿತ್ತು. ಮಗಳು ಆಗಸ್ಟ್‌ನಲ್ಲಿ ಕೆಲಸಕ್ಕೆ ಮರಳಿದ್ದಳು. ಎರಡು ತಿಂಗಳು ಮಗು ಪೂರ್ತಿಯಾಗಿ ಅಜ್ಜಿಯ ಕೈಯಲ್ಲಿತ್ತು. ಅಜ್ಜಿ ವಿಮಾನ ಹತ್ತಿದ ಮರುದಿನ ಮಗು ಡೇಕೇರ್‌ಗೆ ಹೋಯಿತು. ಮುಂದೆ ಆದದ್ದೆಲ್ಲ ಅರ್ಥವಾಗಬೇಕಾದರೆ ಈ ಕೊನೆಯ ಮಾತು ನೆನಪಿನಲ್ಲಿರಬೇಕು.

ಮನೆಯವರ ದೂರು ಹೀಗಿತ್ತು: ಮೂರು ವಾರವಾದರೂ ಜೆಟ್‌ಲ್ಯಾಗ್ ಹೋಗಿಲ್ಲ. ರಾತ್ರಿ ಎರಡೂವರೆಗೆ ಎಚ್ಚರ, ಆಮೇಲೆ ನಿದ್ದೆಯಿಲ್ಲ. ಹಗಲೆಲ್ಲ ಸಿಡಿಮಿಡಿ. ಮಾತೆತ್ತಿದರೆ ‘ಅಲ್ಲಿ ಹಿಂಗಲ್ಲ’. ಊಟ ಅರ್ಧಕ್ಕರ್ಧ ಕಡಿಮೆ. ನಾದಿನಿ ಬಾಯಿಬಿಟ್ಟು ಹೇಳಿಯೇ ಬಿಟ್ಟರು: “ಅತ್ತಿಗೆ, ನಿಮಗೀಗ ನಮ್ಮೂರು ಹಿಡಿಸಲ್ಲ ಬಿಡಿ.” ಟೀಚರ್ ಅಂದು ರಾತ್ರಿ ಊಟ ಮಾಡಲಿಲ್ಲ.

ಜಂಬ ಎಂಬ ತೀರ್ಪು ಇಂಥ ಪ್ರಕರಣಗಳಲ್ಲಿ ಎಲ್ಲಕ್ಕಿಂತ ಮೊದಲು ಬಂದುಬಿಡುತ್ತದೆ, ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವುದೂ ಅದೇ. ಒಮ್ಮೆ ಆ ಹಣೆಪಟ್ಟಿ ಹಚ್ಚಿದರೆ ಉಳಿದ ಯಾವ ಕಾರಣವನ್ನೂ ಯಾರೂ ಹುಡುಕುವುದಿಲ್ಲ. ಇಲ್ಲಿ ಕಾರಣಗಳು ಐದಾರಿದ್ದವು, ಒಂದರ ಮೇಲೊಂದು ಕೂತಿದ್ದವು.

ಮೊದಲ ಹತ್ತು ದಿನ: ದೇಹದ ಲೆಕ್ಕ

ಅಕ್ಟೋಬರ್‌ನಲ್ಲಿ ಹಾಸನ ನ್ಯೂಜೆರ್ಸಿಗಿಂತ ಒಂಬತ್ತೂವರೆ ಗಂಟೆ ಮುಂದಿರುತ್ತದೆ. ದೇಹದೊಳಗಿನ ಗಡಿಯಾರ ಈ ದಿಕ್ಕಿನಲ್ಲಿ ದಿನಕ್ಕೆ ಹೆಚ್ಚುಕಡಿಮೆ ಒಂದು ಗಂಟೆಯಷ್ಟು ಸರಿಯುತ್ತದೆ. ಅಂದರೆ ಒಂಬತ್ತರಿಂದ ಹತ್ತು ದಿನ ಬೇಕು. ಬಂದ ದಿನ ಬೆಳಿಗ್ಗೆ ಏಳೂವರೆಗೆ, ತಿಂಡಿ ತಟ್ಟೆಯ ಮುಂದೆ ಕಣ್ಣು ಎಳೆಯುವುದು ಸಹಜ. ಆಗ ಅಲ್ಲಿ ರಾತ್ರಿ ಹತ್ತು.

ಇಲ್ಲಿ ಬಹುತೇಕರು ಮಾಡುವ ತಪ್ಪೊಂದಿದೆ. ‘ಬೆಳಗಿನ ಎಳೆಬಿಸಿಲಿಗೆ ಕೂತ್ಕೊಳ್ಳಿ, ಸರಿಹೋಗುತ್ತೆ’ ಅನ್ನುತ್ತಾರೆ. ಮೊದಲ ಎರಡು ಮೂರು ದಿನಕ್ಕೆ ಈ ಮಾತು ಸಲ್ಲುವುದಿಲ್ಲ. ದೇಹದ ಗಡಿಯಾರದಲ್ಲಿ ನಸುಕಿನ ನಾಲ್ಕರ ಸುಮಾರಿಗೆ ಒಂದು ತಿರುವು ಇದೆ. ಅದಕ್ಕೆ ಮೊದಲು ಕಣ್ಣಿಗೆ ಬಿದ್ದ ಬೆಳಕು ಗಡಿಯಾರವನ್ನು ಹಿಂದಕ್ಕೆ ತಳ್ಳುತ್ತದೆ, ನಂತರ ಬಿದ್ದದ್ದು ಮುಂದಕ್ಕೆ ಎಳೆಯುತ್ತದೆ. ಅಲ್ಲಿನ ನಸುಕಿನ ನಾಲ್ಕು ಅಂದರೆ ಇಲ್ಲಿನ ಮಧ್ಯಾಹ್ನ ಒಂದೂವರೆ. ಹಾಗಾಗಿ ಮೊದಲ ಮೂರು ದಿನ ಬೆಳಿಗ್ಗೆ ಒಳಗೇ ಇದ್ದು, ಮಧ್ಯಾಹ್ನ ಎರಡರಿಂದ ಐದರವರೆಗೆ ಬಯಲಲ್ಲಿ ಓಡಾಡಬೇಕು. ಆಮೇಲೆ ಬಿಸಿಲಿನ ಹೊತ್ತನ್ನು ದಿನಕ್ಕೆ ಒಂದು ಗಂಟೆ ಬೇಗ ಮಾಡುತ್ತ ಹೋಗಬೇಕು. ವಾರದ ಹೊತ್ತಿಗೆ ಎಳೆಬಿಸಿಲಿನ ಮಾತು ಸರಿಯಾಗುತ್ತದೆ. ಹಗಲು ನಿದ್ದೆ ತಡೆಯಲಾಗದಿದ್ದರೆ ಅಲಾರಂ ಇಟ್ಟು ಅರ್ಧ ಗಂಟೆ, ಅದೂ ಮೂರು ಗಂಟೆಯೊಳಗೆ. ಮಧ್ಯಾಹ್ನದ ನಂತರ ಕಾಫಿ ಬೇಡ. ಹಾಸನದ ಮನೆಯಲ್ಲಿ ಇದು ಕಷ್ಟದ ಮಾತೇ ಸರಿ, ಆದರೆ ಹತ್ತು ದಿನದ ಮಟ್ಟಿಗೆ.

ಹೊಟ್ಟೆಯ ವಿಷಯ ಇಷ್ಟು ಸೂಕ್ಷ್ಮವಲ್ಲ. ಎರಡು ವಾರ ಕುದಿಸಿ ಆರಿಸಿದ ನೀರು, ಹೊರಗಿನ ಚಟ್ನಿ ಬೇಡ, ಖಾರ ನಿಧಾನವಾಗಿ. ಭೇದಿಯಾದರೆ ಓಆರ್‌ಎಸ್‌ನ ದೊಡ್ಡ ಪೊಟ್ಟಣಕ್ಕೆ ಅಳತೆ ಮಾಡಿದ ಒಂದು ಲೀಟರ್ ನೀರು. ಲೋಟದಲ್ಲಿ ಅಂದಾಜಿಗೆ ಕಲಸಬಾರದು. ಪೊಟ್ಟಣ ಸಿಗದಿದ್ದರೆ ಲೀಟರಿಗೆ ಆರು ಸಮ ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು.

ರಸ್ತೆಯ ಅಪಾಯವನ್ನು ಯಾರೂ ಎಣಿಸುವುದೇ ಇಲ್ಲ. ಅಮೆರಿಕದಲ್ಲಿ ಗಾಡಿಗಳು ರಸ್ತೆಯ ಬಲಬದಿಯಲ್ಲಿ ಓಡುವುದರಿಂದ ದಾಟುವವರು ಮೊದಲು ಎಡಕ್ಕೆ ನೋಡುತ್ತಾರೆ. ಇಲ್ಲಿ ಮೊದಲು ಬಲಕ್ಕೆ ನೋಡಬೇಕು. ನ್ಯೂಜೆರ್ಸಿಯಲ್ಲಿ ಗೆರೆ ಎಳೆದ ಜಾಗದಲ್ಲಿ ಜನ ದಾಟುತ್ತಿದ್ದರೆ ಗಾಡಿ ನಿಲ್ಲಿಸಲೇಬೇಕೆಂದು ಕಾನೂನಿದೆ, ನಿಲ್ಲಿಸುತ್ತಾರೆ ಕೂಡ. ಆರು ತಿಂಗಳು ಅದಕ್ಕೆ ಒಗ್ಗಿದ ಕಾಲು ಸಾಲಗಾಮೆ ರಸ್ತೆಯಲ್ಲಿ ಹಾಗೇ ಮುಂದಕ್ಕೆ ಹೋಗಿಬಿಡುತ್ತದೆ. ಟೀಚರ್ ನಾಲ್ಕನೇ ದಿನ ಎಡಕ್ಕೆ ನೋಡಿ ಕಾಲಿಟ್ಟರು, ಬಲದಿಂದ ಬಂದ ಆಟೋ ಕೂದಲೆಳೆಯಲ್ಲಿ ತಪ್ಪಿತು. ಮೊದಲ ಎರಡು ವಾರ ಒಬ್ಬರೇ ರಸ್ತೆ ದಾಟದಿರುವುದು ಒಳ್ಳೆಯದು.

ಹಾಸನಾಂಬೆಯ ವಾರ

ಆಶ್ವಯುಜದ ಹುಣ್ಣಿಮೆ ಕಳೆದ ಮೊದಲ ಗುರುವಾರ ಹಾಸನಾಂಬೆಯ ಬಾಗಿಲು ತೆರೆಯುತ್ತದೆ, ಬಲಿಪಾಡ್ಯಮಿಯ ಹೊತ್ತಿಗೆ ಮುಚ್ಚುತ್ತದೆ. ವರ್ಷಕ್ಕೊಮ್ಮೆಯ ದರ್ಶನ, ಆದ್ದರಿಂದ ಹಾಸನದಲ್ಲಿ ಮನೆಯಿದ್ದವರಿಗೆ ಅಷ್ಟೂ ದಿನ ನೆಂಟರು. ಟೀಚರ್ ಬಂದು ವಾರವಾಗಿರಲಿಲ್ಲ, ಮನೆಗೆ ಅರಸೀಕೆರೆಯವರು, ಮೈಸೂರಿನವರು ಸೇರಿ ಹನ್ನೊಂದು ಜನ ಬಂದಿಳಿದರು. ಬಂದವರೆಲ್ಲ ಅಮೆರಿಕದ ಚಾಕಲೇಟು ಕೇಳುವವರೇ. ‘ಅಮೆರಿಕ ಹೆಂಗಿದೆ?’ ಎಂದು ಕೇಳಿ, ಉತ್ತರದ ಎರಡನೇ ವಾಕ್ಯಕ್ಕೇ ಮಾತು ಬದಲಿಸುವವರೂ ಅವರೇ.

ಅವರ ಜೊತೆ ಟೀಚರ್ ಸಾಲಿನಲ್ಲಿ ನಿಂತರು. ಮುಕ್ಕಾಲು ಗಂಟೆಯಾಗುವಷ್ಟರಲ್ಲಿ ಬೆನ್ನಿಗೆ ಒಬ್ಬರು ಒತ್ತಿ, ಭುಜಕ್ಕೆ ಇನ್ನೊಬ್ಬರು ಆತು, ಎದೆ ಡವಡವ ಹೊಡೆದುಕೊಂಡು, ಕೈ ತಣ್ಣಗಾಗಿ ಹೊರಗೆ ಬಂದರು. ನಲವತ್ತು ವರ್ಷ ತಪ್ಪದೆ ದರ್ಶನ ಮಾಡಿದವರು. ‘ತಾಯಿಗೇ ನಾನು ಬೇಡವಾದೆನೇನೋ’ ಎಂದು ಆ ರಾತ್ರಿ ಅತ್ತರು. ಇದಕ್ಕೆ ದೈವದ ಮುನಿಸು ಕಾರಣವಲ್ಲ. ಆರು ತಿಂಗಳು ಅವರು ನಿಂತ ಸಾಲುಗಳಲ್ಲಿ ಜನರ ನಡುವೆ ಒಂದು ತೋಳಿನ ಅಂತರವಿತ್ತು, ಇಡೀ ದಿನ ಕಿವಿಗೆ ಬೀಳುತ್ತಿದ್ದದ್ದು ಎಸಿಯ ಸದ್ದು ಮತ್ತು ಮಗುವಿನ ಅಳು. ಒಗ್ಗಿದ ಅಂತರ ಒಮ್ಮೆಲೇ ಇಲ್ಲವಾದಾಗ ದೇಹ ಗಾಬರಿಯಾಗುತ್ತದೆ. ಅಕ್ಟೋಬರ್‌ನಲ್ಲಿ ಹಾಸನಕ್ಕೆ ಮರಳುವವರು ನೆಂಟರಿಗೆ ಮೊದಲೇ ಹೇಳಿ, ಕೊನೆಯ ದಿನಗಳಿಗೆ ದರ್ಶನ ಇಟ್ಟುಕೊಳ್ಳುವುದು, ನಸುಕಿನಲ್ಲಿ ಹೋಗುವುದು ಮೇಲು. ಹಾಗೆಂದು 62 ವರ್ಷದವರ ಎದೆಬಡಿತವನ್ನು ಬರೀ ಗಾಬರಿ ಎಂದು ತಳ್ಳಿಹಾಕುವಂತಿಲ್ಲ. ಮರುದಿನವೇ ಇಸಿಜಿ ಮಾಡಿಸಿದ್ದು ಸರಿಯಾದ ಕ್ರಮ, ಅದು ಸಹಜವಾಗಿ ಬಂದದ್ದರಿಂದಲೇ ಮುಂದಿನ ಮಾತು ಸಾಧ್ಯವಾಯಿತು.

ಅಡುಗೆಮನೆ, ಸಿಮ್ಮು, ಥ್ಯಾಂಕ್ಯೂ

ನಾಲ್ಕೈದು ತಿಂಗಳು ಒಂಟಿಯಾಗಿದ್ದ ಮೇಷ್ಟ್ರು ಅಡುಗೆಮನೆಯನ್ನು ತಮಗೆ ಬೇಕಾದಂತೆ ಮಾಡಿಕೊಂಡಿದ್ದರು. ಸಾರಿನಪುಡಿಯ ಡಬ್ಬಿ ಒಲೆಯ ಎಡಕ್ಕೆ ಬಂದಿತ್ತು, ಉಪ್ಪಿನ ಜಾಡಿ ಕಿಟಕಿಯ ಮೇಲೆ, ದೊಡ್ಡ ಪಾತ್ರೆಗಳೆಲ್ಲ ಅಟ್ಟಕ್ಕೆ. ಮೇಷ್ಟ್ರಿಗೆ ಅದು ಹೆಮ್ಮೆ. ಟೀಚರಿಗೆ ತಮ್ಮ ಜಾಗವೇ ಹೋದಂತೆ. ಹೋದವರು ಮಾತ್ರ ಬದಲಾಗುತ್ತಾರೆ, ಮನೆ ಇದ್ದ ಹಾಗೇ ಇರುತ್ತದೆ ಎಂದುಕೊಂಡಿರುತ್ತೇವೆ. ಇಲ್ಲಿ ಇಬ್ಬರೂ ಬದಲಾಗಿದ್ದರು. ಡಬ್ಬಿಗಳ ಜಗಳ ಮೂರು ವಾರ ನಡೆಯಿತು. ಬಗೆಹರಿದದ್ದು ಬೆಳಗಿನ ಕಾಫಿ-ತಿಂಡಿ ಮೇಷ್ಟ್ರದು, ಅಡುಗೆ ಟೀಚರದು ಎಂದು ಒಲೆಯ ಎಡಬಲವನ್ನೇ ಹಂಚಿಕೊಂಡ ಮೇಲೆ.

ಸಿಮ್ಮಿನದು ಬೇರೆ ತೊಂದರೆ. ಪ್ರೀಪೇಯ್ಡ್ ಸಂಖ್ಯೆಯನ್ನು 90 ದಿನ ಬಳಸದೆ, ಖಾತೆಯಲ್ಲಿ 20 ರೂಪಾಯಿಯೂ ಇಲ್ಲದಿದ್ದರೆ ಅದು ನಿಷ್ಕ್ರಿಯವಾಗುತ್ತದೆ. ಟೀಚರ ಸಂಖ್ಯೆ ಹಾಗೇ ಹೋಗಿತ್ತು. ಪಿಂಚಣಿ ಖಾತೆಯ ಓಟಿಪಿ ಬರುತ್ತಿದ್ದದ್ದು ಅದಕ್ಕೇ. ಇಂಥಲ್ಲಿ ಕೆಲಸದ ಕ್ರಮ ಮುಖ್ಯ: ಮೊದಲು ಹೊಸ ಸಿಮ್, ಆಮೇಲೆ ಆಧಾರ್ ಕೇಂದ್ರದಲ್ಲಿ ಬೆರಳಚ್ಚು ಕೊಟ್ಟು ಸಂಖ್ಯೆ ಬದಲಾವಣೆ, ಕೊನೆಗೆ ಬ್ಯಾಂಕು. ಮೊದಲೇ ಬ್ಯಾಂಕಿಗೆ ಹೋದರೆ ಆಧಾರ್ ಓಟಿಪಿ ಸತ್ತ ಸಂಖ್ಯೆಗೇ ಹೋಗಿ ಕೆಲಸ ನಿಲ್ಲುತ್ತದೆ. ಪಿಂಚಣಿದಾರರು ನವೆಂಬರ್‌ನ ಜೀವಂತ ಪ್ರಮಾಣಪತ್ರಕ್ಕೆ ಮೊದಲೇ ಇದನ್ನು ಮುಗಿಸಬೇಕು. ವಯಸ್ಸಾದವರ ಬೆರಳಚ್ಚನ್ನು ಯಂತ್ರ ಕೆಲವೊಮ್ಮೆ ಓದುವುದಿಲ್ಲ. ಕೈ ತೊಳೆದು, ಒರೆಸಿಕೊಂಡು ಹೋದರೆ ಎಷ್ಟೋ ಸಲ ಸರಿಹೋಗುತ್ತದೆ.

ಕೆಲಸದಾಕೆ ನೀರಿನ ಲೋಟ ತಂದುಕೊಟ್ಟಾಗ ಟೀಚರ್ ‘ಥ್ಯಾಂಕ್ಯೂ’ ಅನ್ನುತ್ತಿದ್ದರು. ಆಕೆಗೆ ಮೊದಲು ನಗು, ಆಮೇಲೆ ಮುಜುಗರ. “ನಾನೇನು ಹೊರಗಿನೋಳಾ ಟೀಚರಮ್ಮಾ?” ಎಂದು ಕೇಳಿದಳು. ಅಲ್ಲಿ ಅಂಗಡಿಯವನಿಗೂ ಮಗಳಿಗೂ ಅನ್ನಬೇಕಾದ ಮಾತು ಅದು. ಇಲ್ಲಿ ಹತ್ತಿರದವರಿಗೆ ಅಂದರೆ ದೂರ ಮಾಡಿದಂತೆ ಕೇಳುತ್ತದೆ. ಟೀಚರ್ ಆ ಮಾತು ಬಿಟ್ಟರು. ಬದಲಿಗೆ ಆಕೆ ಬಂದಾಗ ಮೊದಲು ಕಾಫಿ ಕೊಟ್ಟು ಕೂರಿಸುವುದನ್ನು ರೂಢಿ ಮಾಡಿಕೊಂಡರು. ಅಲ್ಲಿ ಕಲಿತ ಒಳ್ಳೆಯದನ್ನು ಇಲ್ಲಿ ಉಳಿಸಿಕೊಳ್ಳಲು ಇದು ಬಹಳ ಚೆಂದದ ದಾರಿ.

ನಿದ್ದೆಯ ಪಟ್ಟಿ ಹೇಳಿದ್ದು

ಇಷ್ಟೆಲ್ಲ ಒಂದೊಂದೇ ತಿಳಿಯಾದರೂ ಎರಡೂವರೆಯ ಎಚ್ಚರ ಹೋಗಲಿಲ್ಲ. ಮೇಷ್ಟ್ರು ನಿದ್ದೆ ಮಾತ್ರೆ ಕೊಡಿಸಲು ಹೊರಟಿದ್ದರು. ಅರವತ್ತು ದಾಟಿದವರಿಗೆ ಇಂಥ ಮಾತ್ರೆಯಿಂದ ರಾತ್ರಿ ಎದ್ದಾಗ ತೂಗಿ ಬೀಳುವ, ಮಂಕು ಕವಿಯುವ ಅಪಾಯ ಹೆಚ್ಚು. ವೈದ್ಯರ ಚೀಟಿಯಿಲ್ಲದೆ ಅದನ್ನು ಮುಟ್ಟಬಾರದು. ಮಾತ್ರೆಯ ಬದಲು ಎರಡು ವಾರ ಒಂದು ಪಟ್ಟಿ ಬರೆಯಲಾಯಿತು: ದೀಪ ಆರಿಸಿದ ಹೊತ್ತು, ಎಚ್ಚರಾದ ಹೊತ್ತು, ಎದ್ದು ಏನು ಮಾಡಿದರು, ಹಗಲು ನಿದ್ದೆ, ಕೊನೆಯ ಕಾಫಿ.

ಪಟ್ಟಿ ನೋಡಿದಾಗ ಎರಡು ಸಂಗತಿ ಎದ್ದು ಕಂಡವು. ಒಂದು, ಜೆಟ್‌ಲ್ಯಾಗ್ ಆಗಿದ್ದರೆ ಹೊತ್ತು ದಿನದಿಂದ ದಿನಕ್ಕೆ ಸರಿಯಬೇಕಿತ್ತು. ಇಲ್ಲಿ ಅದು ಮೊಳೆ ಹೊಡೆದಂತೆ ಎರಡೂವರೆಗೇ ನಿಂತಿತ್ತು. ಎರಡು, ನವೆಂಬರ್‌ನ ಮೊದಲ ಭಾನುವಾರ ಕಳೆದು ಸೋಮವಾರದ ನಸುಕಿನಿಂದ ಎಚ್ಚರದ ಹೊತ್ತು ಎರಡೂವರೆಯಿಂದ ಮೂರೂವರೆಗೆ ಹಾರಿತು, ಅಲ್ಲೇ ನಿಂತಿತು. ಹಾಸನದಲ್ಲಿ ಆ ದಿನ ಏನೂ ಬದಲಾಗಿರಲಿಲ್ಲ. ಬದಲಾದದ್ದು ಅಮೆರಿಕದಲ್ಲಿ. ಅಲ್ಲಿ ಪ್ರತಿವರ್ಷ ನವೆಂಬರ್ ಮೊದಲ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಒಂಬತ್ತೂವರೆ ಗಂಟೆಯ ಅಂತರ ಹತ್ತೂವರೆಯಾಗುತ್ತದೆ.

ಇಲ್ಲಿನ ಮೊದಲಿನ ಎರಡೂವರೆ, ಆಮೇಲಿನ ಮೂರೂವರೆ, ಎರಡೂ ಅಲ್ಲಿ ಸಂಜೆ ಐದೇ. ಅಲ್ಲಿನ ಸಂಜೆ ಐದಕ್ಕೆ ಏನಿದೆ? ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕುವ ಹೊತ್ತು.

ಬಂದ ಎರಡನೇ ರಾತ್ರಿ, ನಿಜವಾಗಿ ಜೆಟ್‌ಲ್ಯಾಗ್ ಇದ್ದಾಗ, ಟೀಚರ್ ತಾವೇ ಮಗಳಿಗೆ ಫೋನ್ ಮಾಡಿದ್ದರು: “ಎಚ್ಚರಾಗೇ ಇದೀನಿ ಕಣೇ, ನೀರು ಹಾಕುವಾಗ ಒಂಚೂರು ತೋರ್ಸು.” ಅಂದಿನಿಂದ ಅದು ದಿನದ ಕ್ರಮವಾಯಿತು. ಅಮ್ಮನಿಗೆ ಹೇಗೂ ನಿದ್ದೆಯಿಲ್ಲ ಎಂದು ಮಗಳು ತಿಳಿದಳು. ತಾನು ಎದ್ದಿಲ್ಲದಿದ್ದರೆ ಮಗುವಿಗೆ ಮುಖ ಮರೆತುಹೋಗುತ್ತದೆ ಎಂದು ಅಮ್ಮ ತಿಳಿದರು. ಹೊದಿಕೆಯೊಳಗೆ ಫೋನು, ಸದ್ದು ಪೂರ್ತಿ ಇಳಿಸಿದ್ದು. ಪರದೆಯ ಮೇಲೆ ಮಗಳ ಕೈ ಮಗುವಿನ ಬೆನ್ನಿಗೆ ಎಣ್ಣೆ ತೀಡುತ್ತಿದ್ದರೆ ಇಲ್ಲಿ ಇವರ ಅಂಗೈ ಮೊಣಕಾಲಿನ ಮೇಲೆ ಅದೇ ಲಯದಲ್ಲಿ ಓಡುತ್ತಿತ್ತು. ಕರೆ ಮುಗಿದ ಮೇಲೆ ಎದ್ದು ಥೈರಾಯ್ಡ್ ಮಾತ್ರೆ, ಹತ್ತು ನಿಮಿಷಕ್ಕೆ ಕಾಫಿ. ಅದು ಇನ್ನೊಂದು ಎಡವಟ್ಟು. ಥೈರಾಕ್ಸಿನ್ ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ತೆಗೆದುಕೊಂಡು ಕಾಫಿ-ತಿಂಡಿಗೆ ಮೊದಲು ಅರ್ಧದಿಂದ ಒಂದು ಗಂಟೆ ಬಿಡಬೇಕು. ಇಲ್ಲದಿದ್ದರೆ ಮೈಗೆ ಸರಿಯಾಗಿ ಸೇರುವುದಿಲ್ಲ. ದಣಿವು, ಮಂಕುತನಕ್ಕೆ ಅದೂ ಸೇರಿಕೊಳ್ಳಬಹುದು. ಮಾತ್ರೆಯನ್ನು ಬೆಳಿಗ್ಗೆ ಆರಕ್ಕೆ ಬದಲಿಸಿ, ಆರರಿಂದ ಎಂಟು ವಾರದ ಮೇಲೆ ಟಿಎಸ್‌ಎಚ್ ಎಂಬ ಥೈರಾಯ್ಡ್ ರಕ್ತಪರೀಕ್ಷೆಗೆ ಬರೆಯಲಾಯಿತು.

ದೇಶಬಿಟ್ಟು ಮರಳಿದವರ ಮನಸ್ಸಿನ ಏರಿಳಿತವನ್ನು ಗಲ್ಲಾಹಾರ್ನ್ ಎಂಬ ಸಂಶೋಧಕ ದಂಪತಿ 1963ರಲ್ಲಿ ಇಂಗ್ಲಿಷಿನ ಡಬ್ಲ್ಯೂ ಅಕ್ಷರದ ಆಕಾರದಲ್ಲಿ ಬರೆದು ತೋರಿಸಿದರು: ಹೋದಾಗ ಒಮ್ಮೆ ಕುಸಿತ, ಬಂದ ಮೇಲೆ ಇನ್ನೊಮ್ಮೆ. ಆದರೆ ಅವರು ನೋಡಿದ್ದು ವಿದ್ಯಾರ್ಥಿಗಳನ್ನು, ವಿದ್ವಾಂಸರನ್ನು. ಬಾಣಂತನ ಮುಗಿಸಿ ಬಂದ ಅಜ್ಜಿಗೆ ಆ ಗೆರೆ ಹಾಗೇ ಹೊಂದುವುದಿಲ್ಲ. ವಿದ್ಯಾರ್ಥಿ ಬಿಟ್ಟುಬಂದದ್ದು ಒಂದು ಬದುಕಿನ ರೀತಿಯನ್ನು, ಅಜ್ಜಿ ಬಿಟ್ಟುಬಂದದ್ದು ಕೈಯೊಳಗಿನ ಮಗುವನ್ನು. ‘ಅಲ್ಲಿ ಹಿಂಗಲ್ಲ’ ಎಂಬ ಮಾತಿನಲ್ಲಿ ರಸ್ತೆ, ಕಸ, ಸಾಲು ಎಲ್ಲ ಬರುತ್ತಿತ್ತು. ಮಗುವನ್ನು ಡೇಕೇರ್‌ಗೆ ಬಿಟ್ಟುಬಂದೆ ಎಂಬ ಸಂಕಟ ಮಾತ್ರ ಒಮ್ಮೆಯೂ ಬರುತ್ತಿರಲಿಲ್ಲ.

ಕೆಟ್ಟ ಉಪಾಯ, ಆಮೇಲಿನ ಉಪಾಯ

ಗೊತ್ತಾದ ದಿನವೇ ಮೇಷ್ಟ್ರು ರಾತ್ರಿಯ ಕರೆ ನಿಲ್ಲಿಸಿಬಿಟ್ಟರು. ಕಾಳಜಿಯಿಂದಲೇ ಮಾಡಿದ್ದು. ಮೂರನೇ ರಾತ್ರಿ ಟೀಚರ್ ಸದ್ದಾಗದಂತೆ ತಾರಸಿಗೆ ಹೋಗಿ ಕರೆ ಮಾಡಿದರು, ಇಳಿಯುವಾಗ ಇಬ್ಬನಿಗೆ ಒದ್ದೆಯಾದ ಮೆಟ್ಟಿಲಲ್ಲಿ ಜಾರಿ ಹಿಮ್ಮಡಿ ಉಳುಕಿತು. ಮೂಳೆ ಮುರಿಯಲಿಲ್ಲ, ಅದೇ ಪುಣ್ಯ. ಕರೆಯನ್ನು ಕಿತ್ತುಕೊಂಡರೆ ಅದರ ಜಾಗಕ್ಕೆ ಬೇರೊಂದು ಬರುವುದಿಲ್ಲ. ಕರೆಯ ಹೊತ್ತನ್ನು ಬದಲಿಸಬೇಕು, ಅದಕ್ಕೆ ಮಗಳೂ ಸೇರಬೇಕು.

ಮಗು ಡೇಕೇರ್‌ಗೆ ಹೊರಡುವ ಮೊದಲು, ಅಲ್ಲಿನ ಬೆಳಿಗ್ಗೆ ಆರೂ ಮುಕ್ಕಾಲಿಗೆ ಹಾಲು ಕುಡಿಯುತ್ತದೆ. ಇಲ್ಲಿ ಸಂಜೆ ಐದೂಕಾಲು. ಕರೆ ಅಲ್ಲಿಗೆ ಬಂತು. ಒಂದೇ ಏಟಿಗೆ ಅಲ್ಲ: ಮೊದಲ ವಾರ ಸಂಜೆಯ ಕರೆಯ ಜೊತೆಗೆ ನೀರು ಹಾಕುವುದನ್ನು ಮಗಳು ಚಿತ್ರೀಕರಿಸಿ ಕಳಿಸಿದಳು, ಟೀಚರ್ ಬೆಳಿಗ್ಗೆ ಎದ್ದು ನೋಡಿದರು. ಶನಿವಾರ ಮತ್ತು ಭಾನುವಾರ ನೀರು ಹಾಕುವುದನ್ನೇ ಅಲ್ಲಿನ ಬೆಳಿಗ್ಗೆಗೆ ತಂದರು, ಅದನ್ನು ಅಜ್ಜಿ ಇಲ್ಲಿನ ಸಂಜೆ ನೇರವಾಗಿ ನೋಡುವಂತಾಯಿತು. ಆರು ತಿಂಗಳ ಮಗು ಪರದೆಯಲ್ಲಿ ಮುಖ ನೋಡಿ ನಗುವುದು ಐದು ನಿಮಿಷ, ಹೆಚ್ಚೆಂದರೆ ಹತ್ತು. ಆಮೇಲೆ ತಿರುಗುತ್ತದೆ. ಅದು ಮರೆವಲ್ಲ, ವಯಸ್ಸು. ಟೀಚರಿಗೆ ಇದನ್ನು ಹೇಳಿದ್ದು ದೊಡ್ಡ ಸಮಾಧಾನವಾಯಿತು. ಅವರು ಹಾಡುತ್ತಿದ್ದ ಜೋಗುಳವನ್ನು ಧ್ವನಿಮುದ್ರಿಸಿ ಕಳಿಸಲಾಯಿತು, ಮಗಳು ಅದನ್ನು ಮಲಗಿಸುವಾಗ ಹಾಕುತ್ತಾಳೆ.

ಹಗಲಿನ ಖಾಲಿ ಹೊತ್ತು ಇನ್ನೂ ಉಳಿದಿತ್ತು, ಅದರಲ್ಲೂ ಬೆಳಿಗ್ಗೆ ಹತ್ತರಿಂದ ಒಂದು. ಟ್ಯೂಷನ್ ಮಾಡಿ, ಯಾತ್ರೆ ಹೋಗಿ ಎಂದು ಸಲಹೆಗಳು ಬಂದವು. ಮಕ್ಕಳನ್ನು ಕೂರಿಸಿಕೊಂಡ ಎರಡೇ ದಿನಕ್ಕೆ ತಲೆನೋವು ಬಂದು ಬಿಟ್ಟರು. ಆರು ತಿಂಗಳು ದುಡಿದದ್ದು ಬಾಯಲ್ಲ, ಕೈ. ಕೈಗೆ ಕೆಲಸ ಬೇಕಿತ್ತು. ಹಿಮ್ಮಡಿ ವಾಸಿಯಾದ ಮೇಲೆ ವಾರಕ್ಕೆರಡು ಬೆಳಿಗ್ಗೆ ಮೇಷ್ಟ್ರ ಜೊತೆ ದುದ್ದದ ಹೊಲಕ್ಕೆ ಹೋದರು, ರಾಗಿ ಕೊಯ್ಲಿನ ಸಮಯ. ಡಿಸೆಂಬರಿಗೆ ಅವರೆ ಬಂತು. ನೆನೆಸಿದ ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಒತ್ತಿದರೆ ಸಿಪ್ಪೆ ಕೈಯಲ್ಲಿ, ಬೇಳೆ ಬಟ್ಟಲಲ್ಲಿ. ಒಂದು ಸೇರು ಹಿತಕುವಷ್ಟರಲ್ಲಿ ಹೊತ್ತು ಹೋಗುತ್ತದೆ. ಪಕ್ಕದ ಬೀದಿಯ ಇನ್ನೊಬ್ಬರು, ಮಗನ ಮನೆಗೆಂದು ಕೆನಡಾಕ್ಕೆ ಹೋಗಿ ಬಂದವರು, ಅವರೆ ಹಿತಕಲು ಜೊತೆಯಾದರು. ಅವರಿಬ್ಬರ ನಡುವೆ ‘ಅಲ್ಲಿ ಹಿಂಗಲ್ಲ’ ಎಂಬ ಮಾತಿಗೆ ಯಾರೂ ಬೇಸರಪಡುವಂತಿರಲಿಲ್ಲ. ಕೇಳುವ ಕಿವಿ ಒಂದು ಸಿಕ್ಕಿದ ಮೇಲೆ ಮನೆಯಲ್ಲಿ ಆ ಮಾತು ತಾನಾಗೇ ಇಳಿಯಿತು. ಮನೆಯವರಿಗೆ ಹೇಳಿಕೊಟ್ಟದ್ದು ಒಂದೇ: ‘ಅಮೆರಿಕ ಹೇಗಿತ್ತು’ ಎಂದು ಕೇಳಬೇಡಿ, ‘ಮಗು ಯಾವ ಹಾಡಿಗೆ ಮಲಗುತ್ತಿತ್ತು’ ಎಂದು ಕೇಳಿ.

ಇದೆಲ್ಲ ಫಲಿಸದೆ ಇರುವ ಪ್ರಕರಣಗಳೂ ಇವೆ. ಎರಡು ವಾರಕ್ಕೂ ಮೀರಿ ಹೆಚ್ಚುಕಡಿಮೆ ದಿನವಿಡೀ ಯಾವುದರಲ್ಲೂ ಆಸಕ್ತಿಯಿಲ್ಲದಿದ್ದರೆ, ತೂಕ ಇಳಿಯುತ್ತಿದ್ದರೆ, ಬದುಕು ಸಾಕೆಂಬ ಮಾತು ಒಮ್ಮೆ ಬಂದರೂ ಕಾಯಬಾರದು. ಟೆಲಿಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರೂ ಇರುತ್ತಾರೆ. ಟೀಚರಿಗೆ ಅದು ಬೇಕಾಗಲಿಲ್ಲ. ಡಿಸೆಂಬರ್ ಕೊನೆಯ ಹೊತ್ತಿಗೆ ಪಟ್ಟಿಯಲ್ಲಿ ಐದೂಮುಕ್ಕಾಲರ ಎಚ್ಚರ ಕಾಣತೊಡಗಿತು. ಅಳು ಪೂರ್ತಿ ನಿಂತಿಲ್ಲ, ಸಂಜೆಯ ಕರೆ ಮುಗಿದ ಮೇಲೆ ಕೆಲವೊಮ್ಮೆ ಬರುತ್ತದೆ.

ಮಾರ್ಚ್‌ನ ಎರಡನೇ ಭಾನುವಾರ ಅಮೆರಿಕದಲ್ಲಿ ಗಡಿಯಾರ ಮತ್ತೆ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ. ಐದೂಕಾಲಿನ ಕರೆ ಅಂದಿನಿಂದ ನಾಲ್ಕೂಕಾಲಿಗೆ. ಮೇಷ್ಟ್ರು ಹೊಸ ಕ್ಯಾಲೆಂಡರ್ ತಂದ ದಿನವೇ ಆ ಭಾನುವಾರದ ಚೌಕಕ್ಕೆ ಕೆಂಪು ಶಾಯಿಯಲ್ಲಿ ‘4.15’ ಎಂದು ಬರೆದಿಟ್ಟಿದ್ದಾರೆ.